ಮೈದಾಸನಿಗೆ ಮಗಳೇ ಇರಲಿಲ್ಲ

ಮುಟ್ಟಿದ್ದೆಲ್ಲ ಚಿನ್ನವಾಗಲಿ ಅಂತ ವರ ಕೇಳಿದ ಮೈದಾಸನ ಕತೆ ಗೊತ್ತಿಲ್ಲದವರು ಯಾರಿದ್ದಾರೆ? ದುರಾಸೆಗೆ ಉದಾಹರಣೆ ಬೇಕೆಂದರೆ ಮೇಷ್ಟ್ರುಗಳು ಮೊದಲು ಎಳೆದು ತರುವುದು ಅವನನ್ನೇ. ಆ ಕತೆಯಲ್ಲಿ ಎದೆ ಝಲ್ಲೆನ್ನುವ ಜಾಗ ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. ಪುಟ್ಟ ಮಗಳು ಓಡಿ ಬರುತ್ತಾಳೆ, ಅಪ್ಪ ತಬ್ಬಿಕೊಳ್ಳುತ್ತಾನೆ, ಅವಳು ಚಿನ್ನದ ಬೊಂಬೆಯಾಗಿ ನಿಂತುಬಿಡುತ್ತಾಳೆ. ಎಲ್ಲರೂ ಹೇಳುವುದು ಅದನ್ನೇ. ತಮಾಷೆ ಏನು ಅಂದರೆ, ಹಳೇ ಕತೆಯಲ್ಲಿ ಆ ಮಗಳೇ ಇಲ್ಲ.

ಎರಡು ಸಾವಿರ ವರ್ಷಗಳ ಹಿಂದೆ ಓವಿಡ್ ಎಂಬ ರೋಮನ್ ಕವಿ ಈ ಕತೆ ಬರೆದ. ಅವನಲ್ಲಿ ಕತೆ ಶುರುವಾಗುವುದು ಒಬ್ಬ ಮುದಿ ಕುಡುಕನಿಂದ. ಹೆಸರು ಸೈಲೀನಸ್, ದ್ರಾಕ್ಷಾರಸದ ದೇವರು ಬ್ಯಾಕಸ್‌ನನ್ನು ಸಾಕಿದವನು. ಕುಡಿದು ತೂರಾಡುತ್ತ ದಾರಿ ತಪ್ಪಿದವನನ್ನು ಹಳ್ಳಿಯವರು ಹಿಡಿದು ರಾಜ ಮೈದಾಸನ ಹತ್ತಿರ ತರುತ್ತಾರೆ. ಮೈದಾಸ ಅವನಿಗೆ ಹತ್ತು ದಿನ ಊಟ ಉಪಚಾರ ಮಾಡಿ ಬ್ಯಾಕಸ್‌ಗೆ ಒಪ್ಪಿಸುತ್ತಾನೆ. ಅದಕ್ಕೆ ಸಿಕ್ಕ ಇನಾಮು ಆ ವರ. ಮರದ ಕಡ್ಡಿ ಚಿನ್ನ, ಕಲ್ಲು ಚಿನ್ನ, ಮಣ್ಣಿನ ಹೆಂಟೆ ಚಿನ್ನ. ಆಮೇಲೆ ರೊಟ್ಟಿಯೂ ಚಿನ್ನ, ಬಾಯಿಗೆ ಹೊಯ್ದುಕೊಂಡ ದ್ರಾಕ್ಷಾರಸವೂ ಚಿನ್ನ. ಹಸಿವು ತಾಳಲಾರದೆ ಕೈಮುಗಿಯುತ್ತಾನೆ. ಪ್ಯಾಕ್ಟೋಲಸ್ ನದಿಯಲ್ಲಿ ಮುಳುಗೆದ್ದು ಬಾ ಅನ್ನುತ್ತಾನೆ ಬ್ಯಾಕಸ್. ಅಷ್ಟೇ ಕತೆ.

(ಮೈದಾಸ ನಿಜಕ್ಕೂ ಇದ್ದ ರಾಜ. ಈಗಿನ ಟರ್ಕಿಯ ಫ್ರಿಜಿಯಾ ಅವನ ಸೀಮೆ. ಅವನ ರಾಜಧಾನಿ ಗಾರ್ಡಿಯನ್‌ನಲ್ಲಿ 1957ರಲ್ಲಿ ಒಂದು ದೊಡ್ಡ ಗೋರಿದಿಬ್ಬ ಅಗೆದರು. ಅದು ಅವನ ಅಪ್ಪನ ಗೋರಿ ಇರಬಹುದು ಅನ್ನುತ್ತಾರೆ. ಒಳಗೆ ಕಂಚಿನ ಪಾತ್ರೆಗಳು ರಾಶಿ ರಾಶಿ, ಚಂದದ ಮರದ ಪೀಠೋಪಕರಣಗಳು. ಚಿನ್ನ ಮಾತ್ರ ಒಂದು ಚೂರೂ ಸಿಗಲಿಲ್ಲ!)

ಹಾಗಾದರೆ ಮಗಳು ಎಲ್ಲಿಂದ ಬಂದಳು? ಅಮೆರಿಕದ ಮ್ಯಾಸಚೂಸೆಟ್ಸ್‌ನಿಂದ. 1851ರ ಬೇಸಿಗೆಯಲ್ಲಿ ನಥಾನಿಯಲ್ ಹಾಥಾರ್ನ್ ಲೆನಾಕ್ಸ್ ಅನ್ನೋ ಊರಿನ ಒಂದು ಪುಟ್ಟ ಕೆಂಪು ಮನೆಯಲ್ಲಿದ್ದರು. ಏಳು ವರ್ಷದ ಮಗಳು, ಐದು ವರ್ಷದ ಮಗ, ಜೊತೆಗೊಂದು ಹಸುಗೂಸು. ಗ್ರೀಕ್ ಕತೆಗಳನ್ನು ಮಕ್ಕಳಿಗಾಗಿ ಹೊಸದಾಗಿ ಹೇಳುವ ‘ಎ ವಂಡರ್ ಬುಕ್’ ಬರೆದದ್ದು ಆಗ. ಅದರಲ್ಲಿ ಕತೆ ಹೇಳುವವನು ಕಾಲೇಜು ಹುಡುಗ, ಕೇಳುವವರು ಸುತ್ತ ಕೂತ ಚಿಳ್ಳೆಪಿಳ್ಳೆಗಳು. ಮೈದಾಸನ ಕತೆ ಶುರು ಮಾಡುವಾಗಲೇ ಅವನು ಹೇಳಿಬಿಡುತ್ತಾನೆ: ರಾಜನಿಗೊಬ್ಬಳು ಮಗಳಿದ್ದಳು, ಅವಳ ವಿಷಯ ನನ್ನನ್ನು ಬಿಟ್ಟು ಬೇರೆ ಯಾರೂ ಕೇಳಿಲ್ಲ, ಹೆಸರೂ ನನಗೆ ಮರೆತುಹೋಗಿದೆ, ಸುಮ್ನೆ ಮೇರಿಗೋಲ್ಡ್ ಅಂತ ಕರೆಯೋಣ. ಅಂದರೆ ಚೆಂಡುಹೂವು. ಕಣ್ಣೆದುರೇ ಸುಳ್ಳು ಪೋಣಿಸುವ ಆ ಹುಡುಗನ ಧೈರ್ಯ ನನಗೆ ತುಂಬ ಇಷ್ಟ.

ಆ ಪುಸ್ತಕದೊಳಗೇ ಒಬ್ಬ ಟೀಕಾಕಾರನೂ ಇದ್ದಾನೆ. ಮನೆಯ ಯಜಮಾನ, ಓದಿಕೊಂಡವರು. ಹಳೇ ಕತೆಗಳನ್ನು ಹೀಗೆ ಕೆಡಿಸಬೇಡಪ್ಪ ಅಂತ ಹುಡುಗನಿಗೆ ಬುದ್ಧಿ ಹೇಳುತ್ತಾರೆ. ಹುಡುಗ ಜಗ್ಗುವುದಿಲ್ಲ. ಈ ಕತೆಗಳು ಇಡೀ ಜಗತ್ತಿನ ಸೊತ್ತು, ಗ್ರೀಕರಿಗೆ ಇವುಗಳ ಮೇಲೆ ಎಷ್ಟು ಹಕ್ಕಿದೆಯೋ ನನಗೂ ಅಷ್ಟೇ ಇದೆ ಅನ್ನೋ ಧಾಟಿಯಲ್ಲಿ ವಾದಕ್ಕೆ ನಿಲ್ಲುತ್ತಾನೆ.

ವಾದದಲ್ಲಿ ಯಾರು ಗೆದ್ದರು ಅಂತ ನಾನು ಹೇಳಬೇಕಾಗಿಲ್ಲ. ಇವತ್ತು ಮೈಸೂರಿನ ಮಕ್ಕಳಿಗೆ ಓವಿಡ್ ಗೊತ್ತಿಲ್ಲ, ಮೈದಾಸನ ಮಗಳು ಗೊತ್ತು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೊಂದು ಸಣ್ಣ ಮಕ್ಕಳ ಲೈಬ್ರರಿ ಇಟ್ಟುಕೊಂಡಿದ್ದೇನೆ. ದೊಡ್ಡದೇನಲ್ಲ. ಹಳೇ ಪುಸ್ತಕದ ಅಂಗಡಿಗಳಿಂದ ಹೊತ್ತು ತಂದದ್ದೇ ಜಾಸ್ತಿ. ಬಡಾವಣೆಯ ಮಕ್ಕಳು ಶನಿವಾರ ಸಂಜೆ ಬರುತ್ತಾರೆ, ಚಪ್ಪಲಿ ರಾಶಿ ಹಾಕುತ್ತಾರೆ, ಜಗಳ ಆಡುತ್ತಾರೆ, ಪುಸ್ತಕ ತಗೊಂಡು ಹೋಗುತ್ತಾರೆ. ಮಕ್ಕಳ ಕೈಗೆ ಕೊಡುವ ಮೊದಲು ಪ್ರತಿಯೊಂದನ್ನೂ ನಾನು ಓದಲೇಬೇಕು, ಅದೊಂದು ಚಟ. ಹಾಗಾಗಿ ಗ್ರೀಕ್, ರೋಮನ್ ದೇವರುಗಳು ಮಕ್ಕಳ ಪುಸ್ತಕಕ್ಕೆ ಬರುವಾಗ ಯಾವ ಬಾಗಿಲಿನಿಂದ ಬರುತ್ತಾರೆ ಅನ್ನೋದನ್ನು ಬಹಳ ಕಾಲದಿಂದ ನೋಡುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಬಾಗಿಲು ಒಂದೇ. ಒಳಗೊಂದು ಮಗು ಇರಬೇಕು. ಇಲ್ಲದಿದ್ದರೆ ಬರೆಯುವವರು ಒಂದು ಮಗುವನ್ನು ತಂದು ಕೂರಿಸುತ್ತಾರೆ.

ಯಾಕೆ ಅಂದರೆ ಗ್ರೀಕ್ ದೇವರುಗಳ ಕತೆಗಳಲ್ಲಿ ಬಾಲ್ಯ ಬಹಳ ಕಡಿಮೆ. ಅಥೀನಾ ಅಪ್ಪನ ತಲೆಯಿಂದ ಕವಚ ತೊಟ್ಟುಕೊಂಡೇ ಹೊರಗೆ ಬಂದಳು. ಅಫ್ರೊಡೈಟಿ ಸಮುದ್ರದ ನೊರೆಯಿಂದ ಎದ್ದಾಗಲೇ ಪ್ರಾಯದ ಹೆಣ್ಣು. ಹುಟ್ಟಿದ ಮಕ್ಕಳನ್ನು ಕ್ರೋನಸ್ ಒಂದೊಂದಾಗಿ ನುಂಗಿಬಿಟ್ಟ. ಕುಂಟ ಅಂತ ಹೆಫೆಸ್ಟಸ್‌ನನ್ನು ಹೆತ್ತ ತಾಯಿ ಹೀರಾಳೇ ಬೆಟ್ಟದ ಮೇಲಿಂದ ಎಸೆದಳು ಅನ್ನೋ ಕತೆಯಿದೆ. ಇಂಥ ಮನೆಯಲ್ಲಿ ಆಟ ಆಡೋಕೆ ಯಾರು ಸಿಗುತ್ತಾರೆ?

ಮನಸ್ಸಿನಲ್ಲಿ ಉಳಿಯುವ ಪುಟಾಣಿ ಅಂದರೆ ಹರ್ಮೀಸ್. ಇವನ ಮೇಲೆ ಹಳೇ ಗ್ರೀಕ್‌ನಲ್ಲಿ ಒಂದು ಉದ್ದನೆಯ ಸ್ತೋತ್ರವೇ ಇದೆ. ಬೆಳಗ್ಗೆ ಗುಹೆಯಲ್ಲಿ ಹುಟ್ಟುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಆಮೆಯ ಚಿಪ್ಪಿಗೆ ತಂತಿ ಬಿಗಿದು ವಾದ್ಯ ಮಾಡಿ ನುಡಿಸುತ್ತಾನೆ. ಸಂಜೆ ಅಣ್ಣ ಅಪಾಲೊನ 50 ಹಸು ಕದಿಯುತ್ತಾನೆ. ಹೆಜ್ಜೆಗುರುತು ಉಲ್ಟಾ ಬೀಳಲಿ ಅಂತ ಹಸುಗಳನ್ನು ಹಿಂದು ಹಿಂದಕ್ಕೆ ನಡೆಸುತ್ತಾನೆ! ರಾತ್ರಿ ಮನೆಗೆ ಬಂದು ತೊಟ್ಟಿಲು ಹತ್ತಿ, ಬಟ್ಟೆ ಸುತ್ತಿಕೊಂಡು, ಏನೂ ಅರಿಯದ ಕೂಸಿನ ಹಾಗೆ ಮಲಗುತ್ತಾನೆ. ಅಪಾಲೊ ಬಂದು ಗದರಿದರೆ, ನಾನು ಹುಟ್ಟಿದ್ದೇ ನಿನ್ನೆ, ನನ್ನ ಕಾಲು ನೋಡು ಎಷ್ಟು ಮೆತ್ತಗಿದೆ, ಹಸು ಅಂದರೆ ಏನು ಅಂತಲೇ ನನಗೆ ಗೊತ್ತಿಲ್ಲ ಅನ್ನುತ್ತಾನೆ. ದೂರು ದೇವರುಗಳ ರಾಜ, ಅವರಿಬ್ಬರ ಅಪ್ಪ ಝ್ಯೂಸ್‌ನ ತನಕ ಹೋಗುತ್ತದೆ. ಝ್ಯೂಸ್ ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾನೆ.

ಇದನ್ನು ಹೇಳಿದಾಗ ನಮ್ಮ ಕೋಣೆಯಲ್ಲಿ ಒಬ್ಬ ಹುಡುಗ ಕೂಡಲೇ, ‘ಇದು ಕೃಷ್ಣಂದು ಅಲ್ವಾ ಆಂಟಿ?’ ಅಂದ. ಪಕ್ಕದ ಪುಟ್ಟಿಗೆ ಚಿಂತೆಯೇ ಬೇರೆ: ‘ಅವ್ರಮ್ಮ ಬೈಲಿಲ್ವಾ?’ ಬೈತಾಳೆ, ಚೆನ್ನಾಗಿಯೇ ಬೈತಾಳೆ. ಅದೂ ಸ್ತೋತ್ರದಲ್ಲಿ ಇದೆ. ನಮಗೆ ಬಾಲಕೃಷ್ಣ ಇದ್ದಾನೆ, ಗಣಪ ಇದ್ದಾನೆ, ಧ್ರುವ, ಪ್ರಹ್ಲಾದ, ಮಾರ್ಕಂಡೇಯ ಇದ್ದಾರೆ. ದಾಸರು ಹಾಡಿದ ತಾಯಿ ಮಗನ ಜಗಳ ಕೇಳುತ್ತಲೇ ನಮ್ಮ ಮಕ್ಕಳು ನಿದ್ದೆ ಹೋಗುತ್ತವೆ. ನಮ್ಮ ಪುರಾಣದೊಳಗೆ ಮಗು ಮೊದಲಿಂದಲೂ ಕೂತಿದೆ. ಗ್ರೀಕರ ಕತೆಗೆ ಅದನ್ನು ಹೊರಗಿಂದ ತರಬೇಕಾಯಿತು.

ಹಾಥಾರ್ನ್ ಅದನ್ನು ಮೈದಾಸನ ಕತೆಗೆ ಮಾತ್ರ ಮಾಡಿದ್ದಲ್ಲ. ಪಂಡೋರಾ ಇದ್ದಾಳಲ್ಲ, ಹಳೇ ಕವಿ ಹೀಸಿಯಡ್ ಪ್ರಕಾರ ಗಂಡಸರಿಗೆ ಶಿಕ್ಷೆ ಕೊಡಲು ಝ್ಯೂಸ್ ಮಾಡಿಸಿದ ಮೊದಲ ಹೆಣ್ಣು. ಕೇಳಲು ಕಹಿಯಾದ ಕತೆ. ಹಾಥಾರ್ನ್ ಕೈಯಲ್ಲಿ ಅವಳು ಒಬ್ಬ ಹುಡುಗಿ, ಅವಳ ಗಂಡನಾಗಬೇಕಾದವನು ಒಬ್ಬ ಹುಡುಗ. ಅಪ್ಪ ಅಮ್ಮಂದಿರೇ ಇಲ್ಲದ, ಬರೀ ಮಕ್ಕಳೇ ತುಂಬಿದ ಲೋಕ ಅದು. ಮೂಲೆಯಲ್ಲಿಟ್ಟ ಪೆಟ್ಟಿಗೆಯಲ್ಲಿ ಏನಿದೆ ಅಂತ ನೋಡುವ ಕುತೂಹಲ, ಅಷ್ಟೇ. ಎರಡು ವರ್ಷ ಬಿಟ್ಟು ಬಂದ ‘ಟ್ಯಾಂಗಲ್‌ವುಡ್ ಟೇಲ್ಸ್’ನಲ್ಲಿ ಪಾತಾಳದ ರಾಜ ಪ್ಲೂಟೊ ಧಾನ್ಯದೇವತೆಯ ಮಗಳು ಪ್ರೊಸರ್ಪಿನಾಳನ್ನು ಹೊತ್ತೊಯ್ಯುವುದು ಮದುವೆಗೆ ಅಲ್ಲ. ಅರಮನೆ ಬಿಕೋ ಅನ್ನುತ್ತಿದೆ, ಓಡಾಡಿಕೊಂಡಿರಲು ಒಂದು ಮಗು ಬೇಕು ಅಂತ! ಪಾಪ ಅನ್ನಿಸುವಂತೆ ಬರೆದಿದ್ದಾರೆ. ಪಾತಾಳದಲ್ಲಿ ಏನಾದರೂ ತಿಂದರೆ ಪೂರ್ತಿ ವಾಪಸು ಬರುವಂತಿಲ್ಲ. ಅವಳು ತಿಂದ ದಾಳಿಂಬೆ ಬೀಜ ಎಷ್ಟು ಗೊತ್ತಾ? ಗ್ರೀಕ್ ಸ್ತೋತ್ರದಲ್ಲಿ ಒಂದು, ಓವಿಡ್‌ನಲ್ಲಿ ಏಳು, ಹಾಥಾರ್ನ್‌ನಲ್ಲಿ ಆರು. ಆರು ಬೀಜಕ್ಕೆ ವರ್ಷದಲ್ಲಿ ಆರು ತಿಂಗಳು ಪಾತಾಳವಾಸ, ಮಕ್ಕಳ ಲೆಕ್ಕಕ್ಕೆ ಸರಿಹೋಯಿತು.

ದೊಡ್ಡವರ ವಿಷಯಗಳನ್ನು ಮುಚ್ಚುವುದರಲ್ಲಿ ನನಗೆ ಇನ್ನೂ ಮಜಾ ಅನ್ನಿಸುವುದು ಡೋಲೆರ್ ದಂಪತಿಗಳ 1962ರ ಪುಸ್ತಕ. ಗಂಡ ಹೆಂಡತಿ ಇಬ್ಬರೂ ಚಿತ್ರಕಾರರು. ಅಗಲವಾದ, ಪುಟ ತುಂಬ ಚಿತ್ರಗಳಿರುವ ಪುಸ್ತಕ. ನನ್ನ ಪ್ರತಿಯ ಬೆನ್ನು ಕಿತ್ತುಹೋಗಿ ಬಟ್ಟೆ ಅಂಟಿಸಿದ್ದೇನೆ, ಆದರೂ ಅದು ಕಪಾಟಿನಲ್ಲಿ ಇರುವುದೇ ಕಡಿಮೆ. ಕಂಡ ಹೆಂಗಸರ ಹಿಂದೆ ಬೀಳುವ ಝ್ಯೂಸ್‌ನ ಚಾಳಿ ಮಕ್ಕಳಿಗೆ ಹೇಗೆ ಹೇಳೋದು? ಅವರು ಎಲ್ಲರನ್ನೂ ಹೆಂಡತಿಯರು ಮಾಡಿಬಿಟ್ಟರು. ಝ್ಯೂಸ್ ಆಗಾಗ ಕದ್ದು ಭೂಮಿಗೆ ಇಳಿದು ಮದುವೆ ಆಗಿ ಬರುತ್ತಾನಂತೆ. ಹೆಂಡತಿಯರು ಹೆಚ್ಚಿದಷ್ಟು ಮಕ್ಕಳು ಹೆಚ್ಚು, ಮಕ್ಕಳು ಹೆಚ್ಚಿದಷ್ಟು ಗ್ರೀಸ್‌ಗೆ ಒಳ್ಳೇದು ಅನ್ನೋ ಸಮಾಧಾನ ಬೇರೆ. ಓದುತ್ತ ನಕ್ಕುಬಿಟ್ಟೆ. ಮಕ್ಕಳಿಗೆ ಅದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ. ದಶರಥನಿಗೆ ಮೂವರು, ಚಂದ್ರನಿಗೆ 27, ಇವನಿಗೆ ಇನ್ನೂ ಜಾಸ್ತಿ, ಸರಿ.

ಆ ಮಕ್ಕಳು ಏನಾದವು ಅಂತ ಯಾರೂ ಕೇಳಿರಲಿಲ್ಲ. ಕೇಳಿದ್ದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಒಬ್ಬ ಶಾಲಾ ಮೇಷ್ಟ್ರು.

ರಿಕ್ ರಿಯರ್ಡನ್‌ರ ಮಗನಿಗೆ ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ ತೊಂದರೆ), ಡಿಸ್ಲೆಕ್ಸಿಯಾ (ಓದಲು ಕಷ್ಟವಾಗುವ ತೊಂದರೆ) ಎರಡೂ ಇದ್ದವು. ಓದು ಅಂದರೆ ದೂರ ಓಡುತ್ತಿದ್ದ. ಎರಡನೇ ಕ್ಲಾಸಿನಲ್ಲಿ ಅವನಿಗೆ ಹಿಡಿಸಿದ್ದು ಗ್ರೀಕ್ ಪುರಾಣ ಒಂದೇ. ರಾತ್ರಿ ಮಲಗುವಾಗ ಕತೆ ಕತೆ ಅನ್ನುತ್ತಿದ್ದ. ಗೊತ್ತಿದ್ದ ಕತೆಗಳೆಲ್ಲ ಮುಗಿದ ಮೇಲೆ ಅಪ್ಪ ಒಂದು ಹೊಸದನ್ನು ಕಟ್ಟಿದರು. ಮಗನ ಹಾಗೇ ಇರುವ ಒಬ್ಬ ಹುಡುಗ, ಪರ್ಸಿ ಜಾಕ್ಸನ್. ಅಕ್ಷರಗಳು ಅವನ ಕಣ್ಣೆದುರು ತೇಲಾಡುವುದು ಯಾಕೆ? ಅವನ ಮಿದುಳು ಪ್ರಾಚೀನ ಗ್ರೀಕ್ ಓದುವುದಕ್ಕೆ ಮಾಡಿದ್ದು. ಕೂತಲ್ಲಿ ಕೂರಲಾರ ಯಾಕೆ? ಯುದ್ಧದಲ್ಲಿ ಜೀವ ಉಳಿಸುವ ಚುರುಕು ಅದು. ಅವನು ಸಮುದ್ರದೇವ ಪೊಸೈಡನ್‌ನ ಮಗ. ಮೊದಲ ಪುಸ್ತಕ ‘ದಿ ಲೈಟ್ನಿಂಗ್ ಥೀಫ್’ 2005ರಲ್ಲಿ ಬಂತು.

ಗ್ರೀಕ್ ದೇವರುಗಳ ಮನೆಯಾದ ಒಲಿಂಪಸ್ ಬೆಟ್ಟವನ್ನು ರಿಯರ್ಡನ್ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್‌ನ 600ನೇ ಮಹಡಿಗೆ ತಂದರು. ಪಾತಾಳದ ಬಾಗಿಲು ಲಾಸ್ ಏಂಜಲೀಸ್‌ನ ಒಂದು ರೆಕಾರ್ಡಿಂಗ್ ಸ್ಟುಡಿಯೊದಲ್ಲಿ. ಯುದ್ಧದೇವತೆ ಏರೀಸ್ ಚರ್ಮದ ಜಾಕೆಟ್ ಹಾಕಿ ಬೈಕ್ ಓಡಿಸುತ್ತಾನೆ. ಡಯೊನೈಸಸ್, ಅಂದರೆ ಮೇಲೆ ಹೇಳಿದ ಬ್ಯಾಕಸ್‌ನ ಗ್ರೀಕ್ ರೂಪ, ಕುಡಿಯಬಾರದು ಅನ್ನೋ ಶಿಕ್ಷೆಯಲ್ಲಿ ಡಯಟ್ ಕೋಕ್ ಹೀರುತ್ತ ಕೂತಿರುತ್ತಾನೆ. ಇವೆಲ್ಲ ಚೆಂದವೇ. ಆದರೆ ಪುಸ್ತಕ ಮಕ್ಕಳನ್ನು ಹಿಡಿದು ನಿಲ್ಲಿಸುವುದು ಬೇರೆ ಕಾರಣಕ್ಕೆ. ದೇವರಿಗೂ ಮನುಷ್ಯರಿಗೂ ಹುಟ್ಟಿದ ಮಕ್ಕಳಿಗೆ ಲಾಂಗ್ ಐಲೆಂಡ್‌ನಲ್ಲಿ ಒಂದು ಶಿಬಿರ ಇದೆ. ಒಂದೊಂದು ದೇವರಿಗೆ ಒಂದೊಂದು ಕುಟೀರ. ಅಪ್ಪನೋ ಅಮ್ಮನೋ ಇದು ನನ್ನ ಮಗು ಅಂತ ಗುರುತು ತೋರಿಸಿದರೆ ಆ ಕುಟೀರಕ್ಕೆ ಹೋಗಬಹುದು. ತೋರಿಸದಿದ್ದರೆ? ಹನ್ನೊಂದನೇ ಕುಟೀರ, ಹರ್ಮೀಸ್‌ನದು. ದಾರಿಹೋಕರ ದೇವರಲ್ಲವೇ, ಎಲ್ಲರಿಗೂ ಜಾಗ ಕೊಡುತ್ತಾನೆ. ಅಲ್ಲಿ ನೆಲದ ಮೇಲೆ ಒತ್ತೊತ್ತಾಗಿ ಮಕ್ಕಳು ಮಲಗಿರುತ್ತವೆ. ಕೆಲವರು ವರ್ಷಗಟ್ಟಲೆ ಕಾಯುತ್ತಾರೆ. ಆಕಾಶದಿಂದ ಯಾವ ಗುರುತೂ ಬರುವುದಿಲ್ಲ.

ಅಲ್ಲಿ ಲ್ಯೂಕ್ ಅಂತ ಒಬ್ಬ ಹುಡುಗ ಇದ್ದಾನೆ. ಹರ್ಮೀಸ್‌ನ ಸ್ವಂತ ಮಗ, ಕತ್ತಿವರಸೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಅಪ್ಪ ಕೈಬಿಟ್ಟ ಅನ್ನೋ ಸಿಟ್ಟು ಅವನನ್ನು ಶತ್ರುಗಳ ಕಡೆಗೆ ತಳ್ಳುತ್ತದೆ. ಎಂಟನೇ ಕ್ಲಾಸಿನ ಒಬ್ಬಳು ಪುಸ್ತಕ ವಾಪಸು ಕೊಡುವಾಗ, ‘ಲ್ಯೂಕ್ ಅಂದ್ರೆ ಕರ್ಣ’ ಅಂತ ಹೇಳಿ ಹೋದಳು. ವಿವರಣೆ ಏನೂ ಕೊಡಲಿಲ್ಲ, ಬೇಕಾಗಿಯೂ ಇರಲಿಲ್ಲ. ಹುಟ್ಟಿಸಿದ ಸೂರ್ಯ ದಿನಾ ತಲೆಯ ಮೇಲೇ ಹಾದುಹೋಗುತ್ತಾನೆ, ನೀನು ಯಾರ ಮಗ ಅಂತ ತುಂಬಿದ ಸಭೆಯಲ್ಲಿ ಕೇಳಿದಾಗ ಬಾಯಿ ಬಿಡುವುದಿಲ್ಲ. ಪಂಪ 941ರಲ್ಲೇ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನೇ ನೆನೆ ಅಂದುಬಿಟ್ಟ. ಕನ್ನಡದ ಓದುಗರಿಗೆ ಈ ಹನ್ನೊಂದನೇ ಕುಟೀರ ಹೊಸದಲ್ಲ. ಇನ್ನೊಂದು ನೋಡಿ, ಪರ್ಸಿಗೆ ಹೆಸರು ಬಂದದ್ದು ಹಳೇ ಗ್ರೀಕ್ ವೀರ ಪರ್ಸಿಯಸ್‌ನಿಂದ. ಆ ಪರ್ಸಿಯಸ್‌ನನ್ನೂ ಹುಟ್ಟಿದ ಕೂಡಲೇ ಪೆಟ್ಟಿಗೆಯಲ್ಲಿ ಹಾಕಿ ನೀರಿಗೆ ಬಿಟ್ಟಿದ್ದರು. ಅವನಿಗೆ ಪೆಟ್ಟಿಗೆಯೊಳಗೆ ಅಮ್ಮ ಜೊತೆಗಿದ್ದಳು. ಕರ್ಣನಿಗೆ ಅದೂ ಇಲ್ಲ.

ಐದನೇ ಪುಸ್ತಕದ ಕೊನೆಯಲ್ಲಿ ದೇವರುಗಳು ಪರ್ಸಿಗೆ ಅಮರತ್ವ ಕೊಡುತ್ತೇವೆ ಅನ್ನುತ್ತಾರೆ. ಬೇಡ ಅನ್ನುತ್ತಾನೆ. ಅದರ ಬದಲು ನಿಮ್ಮ ನಿಮ್ಮ ಮಕ್ಕಳಿಗೆ 13 ತುಂಬುವ ಮೊದಲು ಇವರು ನಮ್ಮವರು ಅಂತ ಒಪ್ಪಿಕೊಳ್ಳಿ ಅಂತ ಷರತ್ತು ಹಾಕುತ್ತಾನೆ. ದೇವರುಗಳ ಮುಖಕ್ಕೆ ಹೊಡೆದಂತೆ ಇಷ್ಟು ನೇರವಾದ ಬೇಡಿಕೆ ನಾನು ಮಕ್ಕಳ ಪುಸ್ತಕದಲ್ಲಿ ಇನ್ನೊಂದು ಓದಿಲ್ಲ. ಮುಂದಿನ ಸರಣಿಯಲ್ಲಿ ರೋಮನ್ ರೂಪಗಳೂ ಬರುತ್ತವೆ, ಝ್ಯೂಸ್ ಜೂಪಿಟರ್ ಆಗುತ್ತಾನೆ, ಏರೀಸ್ ಮಾರ್ಸ್ ಆಗುತ್ತಾನೆ. ಅಲ್ಲಿಗೆ ಪಾತ್ರಗಳ ಜಾತ್ರೆ ಜಾಸ್ತಿಯಾಯಿತು ಅಂತ ನನ್ನ ತಕರಾರು. ಮಕ್ಕಳು ಒಪ್ಪುವುದಿಲ್ಲ.

ರಿಯರ್ಡನ್ ನಮ್ಮ ದೇವರುಗಳನ್ನು ಯಾಕೆ ಮುಟ್ಟಲಿಲ್ಲ? ಇದು ಆಗಾಗ ಬರುವ ಪ್ರಶ್ನೆ. ಆಯಾ ಸಂಸ್ಕೃತಿಯವರೇ ತಮ್ಮ ಕತೆ ಹೇಳಲಿ ಅನ್ನೋದು ಅವರ ನಿಲುವು. ಅದಕ್ಕಾಗಿ ತಮ್ಮ ಹೆಸರಿನಲ್ಲಿ ಬೇರೆ ಲೇಖಕರ ಪುಸ್ತಕ ತರುವ ಮಾಲೆಯನ್ನೇ ಶುರು ಮಾಡಿಸಿದರು. ಅದರ ಮೊದಲ ಪುಸ್ತಕ 2018ರಲ್ಲಿ ಬಂದ ರೋಶನಿ ಚೋಕ್ಷಿಯವರ ‘ಆರು ಷಾ’. ಪಾಂಡವರು ಈ ಕಾಲದ ಹುಡುಗಿಯರಾಗಿ ಹುಟ್ಟಿ ಬರುವ ಕತೆ. ಓದಲು ಖುಷಿಯಾಗುತ್ತದೆ. ಆದರೂ ಒಂದು ವ್ಯತ್ಯಾಸ ಇದೆ. ಝ್ಯೂಸ್‌ಗೆ ಯಾರ ಮನೆಯಲ್ಲೂ ದೀಪ ಹಚ್ಚುವುದು ನಾನು ನೋಡಿಲ್ಲ. ನಮ್ಮ ದೇವರು ಪಕ್ಕದ ಕೋಣೆಯಲ್ಲೇ ಇದ್ದಾನೆ, ಹೂವು ಬಾಡಿದೆಯಾ ಅಂತ ಅತ್ತೆ ನೋಡುತ್ತಿರುತ್ತಾರೆ. ಬರೆಯುವವರ ಕೈ ಸ್ವಲ್ಪ ಬಿಗಿಯಾಗುತ್ತದೆ, ಸಹಜ.

ಮೆಡೂಸಾಳ ವಿಷಯಕ್ಕೆ ಬರೋಣ. ತಲೆ ತುಂಬ ಹಾವು, ನೋಡಿದವರು ಕಲ್ಲು. ರಿಯರ್ಡನ್ ಅವಳಿಗೆ ನ್ಯೂಜರ್ಸಿಯ ರಸ್ತೆ ಪಕ್ಕ ತೋಟದ ಬೊಂಬೆಗಳ ಅಂಗಡಿ ಹಾಕಿಕೊಟ್ಟಿದ್ದಾರೆ. ಬೊಂಬೆಗಳ ಮುಖದಲ್ಲೆಲ್ಲ ಗಾಬರಿ ಯಾಕಿದೆ ಅಂತ ಓದುವವರಿಗೆ ನಿಧಾನಕ್ಕೆ ಹೊಳೆಯುತ್ತದೆ. ಅವಳು ಹೀಗಾದದ್ದು ಯಾಕೆ? ಪೊಸೈಡನ್‌ನ ಗೆಳತಿಯಾಗಿದ್ದಳು, ಅಥೀನಾಳ ಗುಡಿಯಲ್ಲಿ ಇಬ್ಬರೂ ಭೇಟಿಯಾದರು, ಅಥೀನಾಗೆ ಸಿಟ್ಟು ಬಂತು. ಮಕ್ಕಳ ಪುಸ್ತಕ ಅಷ್ಟು ಹೇಳಿ ಸುಮ್ಮನಾಗುತ್ತದೆ. ಓವಿಡ್ ಹೇಳುವುದು ಬೇರೆ. ಆ ಗುಡಿಯಲ್ಲಿ ನಡೆದದ್ದು ಅತ್ಯಾಚಾರ, ಶಿಕ್ಷೆ ಆದದ್ದು ಅವಳಿಗೆ. 2022ರಲ್ಲಿ ನಟಾಲಿ ಹೇನ್ಸ್ ‘ಸ್ಟೋನ್ ಬ್ಲೈಂಡ್’ ಬರೆದಾಗ ಕಾದಂಬರಿಯನ್ನು ಅಲ್ಲಿಂದಲೇ ಬೆಳೆಸಿದರು. ಹಾಗಂತ ರಿಯರ್ಡನ್ ಎಲ್ಲವನ್ನೂ ಮುಚ್ಚಿಟ್ಟರು ಅನ್ನಲಾರೆ. ಪರ್ಸಿಯ ಮಲತಂದೆ ಅಮ್ಮನಿಗೆ ಹೊಡೆಯುವವನು. ಮೆಡೂಸಾಳ ತಲೆಯನ್ನು ಪರ್ಸಿ ಅಮ್ಮನ ಕೈಗೆ ಬಿಟ್ಟು ಹೋಗುತ್ತಾನೆ. ಮುಂದೆ ಅವಳು ಒಂದು ಕಲ್ಲಿನ ಬೊಂಬೆ ಮಾರಿ ಕಾಲೇಜು ಫೀಸು ಕಟ್ಟುತ್ತಾಳೆ. ಬೊಂಬೆ ಯಾರು ಅಂತ ಹೇಳಬೇಕಾ? ಹಳೇ ಪರ್ಸಿಯಸ್ ಕೂಡ ಅದೇ ತಲೆಯಿಂದ ಅಮ್ಮನ ಹಿಂದೆ ಬಿದ್ದ ರಾಜನನ್ನು ಕಲ್ಲು ಮಾಡಿದ್ದ.

ದೊಡ್ಡವರಿಗಾಗಿ ಬರುವ ಈ ಹೊಸ ಕಾದಂಬರಿಗಳಿಗೆ ಈಗ ಸುಗ್ಗಿ. ಕಪ್ಪು, ಕಿತ್ತಳೆ, ಚಿನ್ನದ ಬಣ್ಣದ ರಕ್ಷಾಪುಟ, ಒಂದು ಹೆಂಗಸಿನ ಮುಖ, ಹಿಂದುಗಡೆ ‘ಇದು ಅವಳ ಕತೆ’ ಅನ್ನೋ ಅರ್ಥದ ಒಂದು ವಾಕ್ಯ. ಎಷ್ಟೋ ಪುಸ್ತಕಗಳಲ್ಲಿ ದೇವತೆಗಳು ಥೇಟ್ ಇವತ್ತಿನ ಆಫೀಸಿನ ಹೆಂಗಸರ ಹಾಗೆ ಮಾತಾಡುತ್ತಾರೆ. ಅರ್ಧಕ್ಕೆ ಬಿಟ್ಟವು ಬೇಕಾದಷ್ಟಿವೆ. ಮ್ಯಾಡಲೀನ್ ಮಿಲ್ಲರ್ 2018ರಲ್ಲಿ ಬರೆದ ‘ಸರ್ಸಿ’ ಮಾತ್ರ ಬಿಡಲಾಗಲಿಲ್ಲ. ಹೋಮರ್‌ನ ಗ್ರೀಕ್ ಮಹಾಕಾವ್ಯ ಒಡಿಸ್ಸಿಯಲ್ಲಿ ಮಾಟಗಾತಿ ಸರ್ಸಿ ಗಂಡಸರನ್ನು ಹಂದಿ ಮಾಡುತ್ತಾಳೆ, ಯಾಕೆ ಅಂತ ಅವನು ಹೇಳುವುದಿಲ್ಲ. ಮಿಲ್ಲರ್ ಕಾರಣ ಕೊಡುತ್ತಾರೆ, ಅದು ಮಕ್ಕಳಿಗೆ ಹೇಳುವಂಥದ್ದಲ್ಲ. ನನಗೆ ಹಿಡಿಸಿದ್ದು ಅದಕ್ಕಿಂತ ಮುಂದಿನ ಭಾಗ. ಸರ್ಸಿಗೆ ಒಂದು ಗಂಡುಮಗು. ದ್ವೀಪದಲ್ಲಿ ಒಬ್ಬಳೇ. ಕೂಸು ಹಗಲೂ ರಾತ್ರಿ ಒಂದೇ ಸಮ ಅಳುತ್ತದೆ, ಹಾಲು ಕುಡಿದರೂ ಅಳು, ಎತ್ತಿಕೊಂಡರೂ ಅಳು. ಸೂರ್ಯದೇವನ ಮಗಳಿಗೆ ನಿದ್ದೆ ಇಲ್ಲ. ಮೇಲಿಂದ ಅಥೀನಾ ಬಂದು ಮಗುವನ್ನು ಕೊಡು ಅನ್ನುತ್ತಾಳೆ, ಕೊಲ್ಲಲು. ಇವಳು ಕೊಡದೆ, ಸೊಪ್ಪು ಬೇರು ಅರೆದು, ಇಡೀ ದ್ವೀಪದ ಸುತ್ತ ಮಂತ್ರದ ಬೇಲಿ ಹಾಕುತ್ತಾಳೆ. ದೊಡ್ಡವರ ಪುಸ್ತಕಕ್ಕೂ ಕಡೆಗೆ ಒಂದು ಮಗು ಬಂತು ನೋಡಿ. ಈ ಸಲ ಕತೆ ತೊಟ್ಟಿಲು ತೂಗುವವಳ ಕಡೆಯಿಂದ.

ಯಾವ ವಯಸ್ಸಿಗೆ ಯಾವುದು ಅಂತ ನನ್ನನ್ನು ಕೇಳುವ ತಾಯಂದಿರಿದ್ದಾರೆ. ಡೋಲೆರ್ ಏಳೆಂಟು ವರ್ಷಕ್ಕೆ, ಪರ್ಸಿ ಹತ್ತರ ಮೇಲೆ, ಸರ್ಸಿ ಪಿಯುಸಿಗೆ ಮೊದಲು ಬೇಡ. ಕಷ್ಟ ಇರುವುದು ಮಾರ್ಗರೆಟ್ ಅಟ್‌ವುಡ್‌ರ ‘ಪೆನೆಲೊಪಿಯಾಡ್’ ಜೊತೆ. ಅದೂ 2005ರದೇ, ತೆಳ್ಳನೆಯ ಪುಸ್ತಕ, ಭಾಷೆ ಸಲೀಸು, ಒಂಬತ್ತನೇ ಕ್ಲಾಸಿನವರ ಕಣ್ಣು ಬಿದ್ದೇ ಬೀಳುತ್ತದೆ. ಒಡಿಸ್ಸಿಯ 22ನೇ ಅಧ್ಯಾಯದಲ್ಲಿ, ಕಥಾನಾಯಕ ಒಡಿಸ್ಯೂಸ್ ಮನೆಗೆ ಬಂದು ಹೆಂಡತಿ ಪೆನೆಲೊಪಿಯ ಹಿಂದೆ ಬಿದ್ದವರನ್ನೆಲ್ಲ ಕೊಂದ ಮೇಲೆ, ಮನೆಯ ಹನ್ನೆರಡು ದಾಸಿಯರನ್ನು ಒಂದೇ ಹಗ್ಗಕ್ಕೆ ಸಾಲಾಗಿ ನೇತುಹಾಕುತ್ತಾರೆ. ಅಟ್‌ವುಡ್ ಆ ಹನ್ನೆರಡು ಹುಡುಗಿಯರ ಕೈಯಲ್ಲಿ ಹಾಡಿಸುತ್ತಾರೆ. ನನ್ನ ಹತ್ತಿರ ಇರುವ ಮಕ್ಕಳ ಒಡಿಸ್ಸಿಗಳಲ್ಲಿ ಆ ಹಗ್ಗವೂ ಇಲ್ಲ, ಹುಡುಗಿಯರೂ ಇಲ್ಲ. ಹಾಗಾಗಿ ಆ ಮಕ್ಕಳ ಒಡಿಸ್ಸಿ ಕೊಡುವಾಗ, ಕೊನೆಗೆ ಬರುವ ಜಾಗದಲ್ಲಿ ಒಂದು ವಿಷಯ ತೆಗೆದುಹಾಕಿದ್ದಾರೆ, ಹತ್ತನೇ ಕ್ಲಾಸು ಮುಗಿಸಿ ಬಂದು ಕೇಳು, ಹೇಳುತ್ತೇನೆ ಅನ್ನುತ್ತೇನೆ. ಕೆಲವರು ಮರೆಯುತ್ತಾರೆ. ಕರ್ಣ ಅಂದಿದ್ದ ಹುಡುಗಿ ಮರೆಯುವವಳಲ್ಲ. ಹೋದ ಶನಿವಾರ, ಒಂಬತ್ತಕ್ಕೇ ಹೇಳಿಬಿಡಿ, ಹೇಗೂ ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ ಅಂತ ಚೌಕಾಸಿಗೆ ಕೂತಿದ್ದಳು.